ಅರಿಶಿನದ ಕೈ

ನಿಜಾಮರ ಕಾಲದಲ್ಲಿ ನಾನು ರಾವೂರಿನಲ್ಲಿ ಟಪಾಲು ಹಂಚುತ್ತಿದ್ದೆ. ಕಲ್ಲಿನ ಖಣಿಯಲ್ಲಿ ದುಡಿಯುವ ಶರಣಪ್ಪನಿಗೆ, ಚಿಂಚೋಳಿಗೆ ಕೊಟ್ಟ ಮಗಳಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ವಿಳಾಸ ಮತ್ತ್ಯಾರೋ ಬರೆದದ್ದು. ಹಿಂಬದಿಗೆ ಅರಿಶಿನದಲ್ಲಿ ಒತ್ತಿದ ಅಂಗೈ ಗುರುತು ಮಾತ್ರ. ಆರಾಮ ಇದ್ದೀನಿ ಅಂತ ಅದರ ಅರ್ಥ.

"ಮಠದಾಗ ಅಯ್ನೋರು ಆಕಿಗೆ ಅಕ್ಷರ ಕಲಿಸ್ತಿದ್ರು, ನಾನೇ ಬಿಡಿಸಿದೆ" ಎಂದು ಶರಣಪ್ಪ ಒಮ್ಮೆ ಹೇಳಿದ್ದ. "ಹೆಣ್ಮಕ್ಕಳು ಬರಿಯೋದು ಕಲ್ತ್ರ ಮನಿ ಮಾತು ಊರಿಗೆಲ್ಲಾ ಬರೀತಾವ್ರಿ."

ಒಂದು ದಿನ ಮೂಲೆ ಹರಿದ ಕಾರ್ಡು ಬಂತು. ಸಾವಿನ ಸುದ್ದಿಯಾದರೆ ಹಾಗೆ ಹರಿದು ಕಳಿಸುವುದು ರೂಢಿ, ಓದಲು ಬಾರದವರಿಗೂ ಗೊತ್ತಾಗಲಿ ಎಂದು. ಹರಿದ ಮೂಲೆ ನೋಡಿದ್ದೇ ಶರಣಪ್ಪ ಕಟ್ಟೆಯ ಮೇಲೆ ಕೂತ. ಉರ್ದುವಿನಲ್ಲಿತ್ತು, ನಾನೇ ಓದಿ ಹೇಳಿದೆ. ಮಗಳು ಹೆರಿಗೆಯಲ್ಲಿ ತೀರಿಕೊಂಡು ಭಾಳ ದಿನವಾಗಿತ್ತು. ಯಾವಾಗ ಅಂತ ಬರೆದಿರಲಿಲ್ಲ. ಬೀಗರಿಗೆ ಹೇಳುವ ಧೈರ್ಯ ಸಾಲದೆ, ಅವಳ ಅತ್ತೆ ಇಷ್ಟು ದಿನ ತನ್ನ ಕೈಯನ್ನೇ ಒತ್ತಿ ಕಳಿಸುತ್ತಿದ್ದಳಂತೆ.

ಅವನು ಅಳಲಿಲ್ಲ. ಒಳಗಿನಿಂದ ಒಂದು ಗಂಟು ತಂದು, ಹಳೆಯ ಕಾರ್ಡುಗಳನ್ನೆಲ್ಲ ನನ್ನ ಮುಂದೆ ಹರವಿದ.

"ಇದರಾಗ ನನ್ನ ಮಗಳ ಕೈ ಯಾವುದ್ರಿ? ನೀವು ಓದಿದೋರು, ನೋಡಿ ಹೇಳ್ರಿ."

ಒಂದೊಂದನ್ನೇ ಎತ್ತಿ ನೋಡಿದೆ. ಎಲ್ಲ ಕೈಗಳೂ ಒಂದೇ ತರಹ ಕಂಡವು.

ಉರ್ದು, ಕನ್ನಡ, ಮರಾಠಿ ಮೂರೂ ಓದಲು ಬರುತ್ತದೆಂದೇ ನನಗೆ ಆ ನೌಕರಿ ಕೊಟ್ಟಿದ್ದರು.