ತುಫಾನಿನ ಮುಂದ ಈಜಾಕ ಇಳದಾಕಿ

ಗೋವಾದ ಬೀಚಿನ್ಯಾಗ ನಾನು ಕನ್ನಡಿ ಹಚ್ಚಿದ ಅರಬಿ-ಬಟ್ಟಿ ಮಾರತಿದ್ದ ಕಾಲ ಅದು. ಒಂದಿನ ಮುಂಜಾನಿಂದ ಗಾಳಿನ ಇಲ್ಲರಿ, ಮೈಯೆಲ್ಲ ಬೆವರು. ಪಡುವಣಕ್ಕ ಮುಗಿಲು ಕರ್ರಗ ಆಗಿತ್ತು. ಮೀನಗಾರರು ದೋಣಿ ಎಳದು ತೆಂಗಿನ ಗಿಡಕ್ಕ ಕಟ್ಟಾಕತ್ತಿದ್ರು. ಅವರು ದೋಣಿ ಕಟ್ಟಿದ್ರಂದ್ರ ನಮಗ ರೇಡಿಯೋ ಬ್ಯಾಡ, ತುಫಾನ್ ಬಂತಂತನ ತಿಳಕೋತಿದ್ವಿ.

ಆದ್ರ ಪರದೇಶದ ಹುಡುಗಿ ಒಬ್ಬಾಕಿ ಎದಿಮಟ ನೀರಾಗ ನಿಂತು ತೆರಿ ಕೂಡ ಆಡಾಕತ್ತಿದ್ಲು. "ತಂಗೀ, ತುಫಾನ್ ಬರಾಕತ್ತೈತಿ, ಹೊರಗ ಬಾ!" ಅಂತ ಕೈ ಬೀಸಿ ಕೂಗಿದೆ. ನಾ ಮಾಲು ಮಾರಾಕ ಕರಿಯಾಕತ್ತೇನಂತ ಆಕಿ ತಿಳದು, "ನೋ, ನೋ" ಅಂತ ನಕ್ಕೋತ ಇನ್ನೂ ಒಳಗ ಹೋದ್ಲು. ನನಗರ ಈಜು ಬರೂದಿಲ್ಲ. ಬಿಟ್ಟು ಹೋಗಾಕ ಮನಸ್ಸೂ ಬರಲಿಲ್ಲ. ದಂಡಿಮ್ಯಾಲೆ ಇದ್ದ ಆಕಿ ಚೀಲ, ಅಂಗಿ ಎಲ್ಲಾ ಬಾಚಿ, ಆಕಿಗೆ ಕಾಣುವಂಗ ಎತ್ತಿ ತೋರಿಸಿ ಓಡಾಕ ಹತ್ತಿದೆ.

ಆಕಿ ಚೀರಕೋತ ನೀರು ಬಿಟ್ಟು ಬೆನ್ನು ಹತ್ತಿದ್ಲು. ಚಹಾದಂಗಡಿಯವ "ಚೋರ್! ಚೋರ್!" ಅಂತ ಬಂದು ನನ್ನ ರಟ್ಟಿ ಹಿಡದ.

"ಹಿಡಿಯೋ ಅಣ್ಣಾ, ಆದ್ರ ಆಕಿ ಇಲ್ಲಿಗೆ ಬರೂತನಾ ಚೀಲ ಬಿಡೂದಿಲ್ಲ" ಅಂದೆ.

ಆಕಿ ಬಂದು ಮುಟ್ಟೂದಕ್ಕೂ ಗಾಳಿ ಬಡಿಯೂದಕ್ಕೂ ಸರಿಹೋತು. ಮನಿ ಎತ್ತರದ ತೆರಿ ಎದ್ದು, ಆಕಿ ಆಡತಿದ್ದ ಜಾಗಾನ ಕಾಣದಂಗ ಮಾಡಿತು. ಹುಡುಗಿ ಸಮುದ್ರ ನೋಡಿದ್ಲು, ನನ್ನ ನೋಡಿದ್ಲು, ಕೈ ಹಿಡಕೊಂಡು ಅಳಾಕ ಹತ್ತಿದ್ಲು.

ಅಂಗಡಿಯವ ಚಹಾ ತಂದು ಕೊಟ್ಟ. ಏನೂ ಕದಿಯದ ನನ್ನ ಎಷ್ಟೋ ದಿನ ಕಳ್ಳಿ ಅಂತ ಬೈದು ಅಟ್ಟಿದ್ದ ಮನಷಾರಿ ಅಂವ. ಖರೇ ಕದ್ದ ದಿನ ಕುರ್ಚಿ ಹಾಕಿ ಕುಂದ್ರಿಸಿದ!