ಗುರುಗಳ ಕೆಮ್ಮು

ಮಡಿಕೇರಿಯ ನನ್ನ ಸಂಗೀತದ ಗುರುಗಳು ಮೇಲಿನ ಷಡ್ಜಕ್ಕೆ ಹೋಗುವ ಮುಂಚೆ ಸಣ್ಣಗೆ ಕೆಮ್ಮುತ್ತಾರೆ. ಅವರ ಮಿಮಿಕ್ರಿ ಮಾಡಿ ಮಾಡಿ ಆ ಕೆಮ್ಮು ನನ್ನ ಗಂಟಲಲ್ಲೂ ಮನೆ ಮಾಡಿತ್ತು. ನಾನೇ ಕಟ್ಟಿದ ಮೊದಲ ಕೃತಿಯನ್ನು ಸಂಗೀತ ಕಚೇರಿಯಲ್ಲಿ ಹಾಡಲು ಅವರ ಒಪ್ಪಿಗೆ ಬೇಕಿತ್ತು. ವಿರಾಜಪೇಟೆಯ ನನ್ನ ಶಿಷ್ಯರಿಗೆ ಅದನ್ನು ಕಲಿಸಿ, ಗುರುಗಳನ್ನು ಕರೆಸಿದೆ. ಅನುಪಲ್ಲವಿಯಲ್ಲಿ ಮೇಲಿನ ಷಡ್ಜ ಬಂತು. ಮಕ್ಕಳೆಲ್ಲ ತಾಳ ತಪ್ಪದೆ ಒಟ್ಟಿಗೆ ಕೆಮ್ಮಿದರು.

"ಕೆಮ್ಮಿಗೂ ಸ್ವರ ಹಾಕಿದ್ದೀಯೇನಯ್ಯಾ?" ಎಂದರು ಗುರುಗಳು.

"ಸಂಪ್ರದಾಯ ಸಾರ್," ಎಂದೆ.

ಅವರು ನಗಲಿಲ್ಲ. "ಹಾಡಲ್ಲೂ ಬರೀ ನಾನೇ ಕೇಳಿಸ್ತಾ ಇದ್ದೀನಿ. ನೀನು ಕೇಳಿಸಿದ ದಿನ ಒಪ್ಪಿಗೆ ಕೊಡ್ತೀನಿ."

ಮಿಮಿಕ್ರಿಯಲ್ಲಿ ಊರವರ ದನಿಯೆಲ್ಲ ಬರುವ ನನಗೆ ನನ್ನದೊಂದೇ ಬರುತ್ತಿರಲಿಲ್ಲ. ಪಲ್ಲವಿ ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಹೊಸದಾಗಿ ಕಟ್ಟಿದೆ. ದಿನಾ ಬೆಳಿಗ್ಗೆ, ಕೆಮ್ಮು ಬಂದಲ್ಲೆಲ್ಲ ನಿಲ್ಲಿಸಿ, ಮೊದಲಿನಿಂದ ಹಾಡಿದೆ. ಪಕ್ಕದ ಮನೆಯ ಅಜ್ಜಿ ಪಾಪವೆಂದು ಕಾಳುಮೆಣಸಿನ ಕಷಾಯ ಕಳಿಸಿದರು. ಕುಡಿದು ಮತ್ತೆ ಹಾಡಿದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಗುರುಗಳ ಮುಂದೆ ಕೂತೆ. ಮೇಲಿನ ಷಡ್ಜದಲ್ಲಿ ದನಿ ಸ್ವಲ್ಪ ಒಡೆಯಿತು. ಒಡೆದದ್ದಾದರೂ ನನ್ನದೇ ದನಿ. ಆ ಜಾಗದಲ್ಲಿ ಕೆಮ್ಮಿದವರು ಗುರುಗಳೊಬ್ಬರೇ.

"ಹೂಂ, ಕಚೇರೀಲಿ ಹಾಡು," ಎಂದರು.