ಕತೆಯಲ್ಲಿ ಸತ್ತ ಅವ್ವ

ಆರನೆಯ ತರಗತಿಯಲ್ಲಿ ನಾನು ಬರೆದ ಮೊದಲ ಕತೆಯಲ್ಲಿ ಹುಡುಗಿಯ ತಾಯಿ ಸತ್ತುಹೋಗಿದ್ದಳು. ನನ್ನವ್ವ ಮಾತ್ರ ಗಟ್ಟಿಮುಟ್ಟಾಗಿ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಖಾನಾಪುರದ ಕಡೆಯ ಬೀಡಿ ಎಂಬ ಊರಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು, ಬೆಳಗಾವಿಗೆ ಹತ್ತಿದ ಹಿಂಡಲಗಾದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಿದ್ದಳು. ತಿಂಗಳಿಗೊಂದು ಭಾನುವಾರ ಬಂದು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು.

"ನಿಮ್ಮವ್ವ ನಿನ್ನ ಯಾಕ ಕರ್ಕೊಂಡ ಹೋಗೂದಿಲ್ಲ?" ಎಂದು ಗೆಳತಿಯರು ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ. ಸತ್ತ ತಾಯಿಯ ಬಗ್ಗೆಯಾದರೆ ಯಾರೂ ಹಾಗೆ ಕೇಳುವುದಿಲ್ಲ. ಕನ್ನಡ ಕಲಿಸುವ ಅಕ್ಕೋರು ನನ್ನ ಕತೆಯನ್ನು ವರ್ಗದಲ್ಲಿ ಓದಿಸಿದರು. ಇಬ್ಬರು ಹುಡುಗಿಯರು ಅತ್ತರು. ನಾನು ಬೀಗುತ್ತ ಮನೆಗೆ ಬಂದೆ.

ಮುಂದಿನ ಸಲ ಅವ್ವ ಬಂದಾಗ, ಓದಲು ಬಾರದ ಅಜ್ಜಿ ಕತೆ ಬರೆದ ನೋಟುಬುಕ್ಕನ್ನು ಅವಳ ಕೈಗಿಟ್ಟಳು. "ನೋಡ, ನಿನ್ನ ಮಗಳು ಕತಿ ಬರದಾಳ."

ಅವ್ವ ಕಟ್ಟೆಯ ಮೇಲೆ ಕುಳಿತು ಓದಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಬಾ ಇಲ್ಲೆ," ಎಂದಳು. "ಯಾವ ಜಡ್ಡಿನಿಂದ ಸತ್ಲು ಆಕಿ?"

"ಗೊತ್ತಿಲ್ಲ."

"ದವಾಖಾನಿಗೆ ಕರ್ಕೊಂಡ ಹೋಗಿದ್ರೇನು?"

"ಅದನ್ನ ನಾ ಬರದಿಲ್ಲ."

"ಆ ಹುಡಿಗಿಗೆ ಅವ್ವನ ನೆನಪ ಬರ್ತಿತ್ತೇನು?"

"ದಿನಾ."

ಅವಳು ನೋಟುಬುಕ್ಕು ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಆ ದಿನ ಸಂಜೆಯ ಬಸ್ಸಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಹೊರಡುವಾಗ ಅಜ್ಜಿಗೆ, "ಸಾಲಿ ಸೂಟಿ ಆದ ಮ್ಯಾಲ ಕರ್ಕೊಂಡ ಹೋಗ್ತೀನಿ," ಎಂದಳು. ಹೇಳಿದಂತೆಯೇ ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಬಂದು ನನ್ನನ್ನು ಕರೆದೊಯ್ದಳು.

ಹಿಂಡಲಗಾದ ಖೋಲಿಯಲ್ಲಿ ಮೊದಲ ಬೆಳಿಗ್ಗೆ ಅವಳು ನನಗೆ ಹೆರಳು ಹಾಕಿದಳು. ಅವಳ ಕೈಗೆ ನನ್ನ ಕೂದಲಿನ ರೂಢಿಯಿರಲಿಲ್ಲ. "ನೋಯ್ತೈತೇನು?" ಎಂದು ಮೆಲ್ಲಗೆ ಕೇಳಿದಳು, ಆಸ್ಪತ್ರೆಯಲ್ಲಿ ಕೇಳುವ ಹಾಗೆ. ಅಜ್ಜಿ ಎಂದೂ ಕೇಳಿದವಳಲ್ಲ, ಬಿಗಿಯಾಗಿ ಎಳೆದು ಕಟ್ಟಿಬಿಡುತ್ತಿದ್ದಳು. ಇಲ್ಲ ಎಂದೆ. ಶಾಲೆ ಮುಟ್ಟುವಷ್ಟರಲ್ಲಿ ಹೆರಳು ಬಿಚ್ಚಿಹೋಗಿತ್ತು. ನನಗೆ ಅಜ್ಜಿಯ ನೆನಪಾಗಿ ಅಳು ಬಂತು. ಇಷ್ಟು ವರ್ಷ ಹಂಬಲಿಸಿದ ಅವ್ವ ಸಿಕ್ಕಿದ್ದಳು, ಆದರೂ ಅವಳಿಗಾಗಿ ಹಂಬಲಿಸುವುದು ನಿಂತಿರಲಿಲ್ಲ. ನಾನು ಇನ್ನೂ ಚಿಕ್ಕವಳಿದ್ದಾಗ ಸಿಗದೆ ಹೋದ ಅವ್ವ ನನಗೆ ಬೇಕಾಗಿದ್ದಳು.

ಈಗ ಅವ್ವ ನಿವೃತ್ತಳಾಗಿ ಬೆಳಗಾವಿಯ ಮಹಾಂತೇಶ ನಗರದಲ್ಲಿ ನನ್ನ ಜೊತೆಗೇ ಇದ್ದಾಳೆ. ಕಾಯಿಪಲ್ಯೆ ತರಲು ಹೋದವಳು ಬರುವುದು ಸ್ವಲ್ಪ ತಡವಾದರೂ ಬರೆಯುತ್ತಿದ್ದುದನ್ನು ಬಿಟ್ಟು ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ.